ಕಬ್ಬಿಣವನ್ನು ಅಳೆದರೆ ಕಣವನ್ನು ಅಳೆದಂತೆಯೇ?

ಔಷಧವು ರೋಗವಿರುವ ಜಾಗಕ್ಕೆ ಮಾತ್ರ ತಲುಪಬೇಕು, ಉಳಿದ ಅಂಗಗಳಿಗೆ ಅದರ ಬಾಧೆ ತಟ್ಟಬಾರದು ಎಂಬುದು ವೈದ್ಯವಿಜ್ಞಾನದ ಬಹುಕಾಲದ ಆಸೆ. ಈ ಆಸೆಗೆ ಬಲ ತಂದಿರುವ ವಸ್ತುಗಳಲ್ಲಿ ಕಾಂತೀಯ ನ್ಯಾನೋಕಣಗಳೂ ಸೇರಿವೆ. ಸಾಮಾನ್ಯವಾಗಿ ಇವು ಮ್ಯಾಗ್ನೆಟೈಟ್ ಅಥವಾ ಮ್ಯಾಗ್‌ಹೆಮೈಟ್ ಎಂಬ ಕಬ್ಬಿಣದ ಆಕ್ಸೈಡ್‌ಗಳಿಂದ ಆದವು. ಕಣದ ತಿರುಳು ಕೆಲವು ನ್ಯಾನೋಮೀಟರ್‌ಗಳಿಂದ ಹಿಡಿದು ಕೆಲವು ಹತ್ತು ನ್ಯಾನೋಮೀಟರ್‌ಗಳವರೆಗೆ ಇರುತ್ತದೆ. ಅದರ ಮೇಲೆ ಡೆಕ್ಸ್‌ಟ್ರಾನ್‌ನಂತಹ ಪಾಲಿಮರ್‌ನ ಹೊದಿಕೆ ಇರುತ್ತದೆ. ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿ ಈ ಕಣಗಳನ್ನು ಒಂದೆಡೆಗೆ ಸೆಳೆಯಬಹುದು. ಕ್ಷೇತ್ರದ ದಿಕ್ಕನ್ನು ವೇಗವಾಗಿ ಬದಲಿಸುತ್ತಾ ಅವುಗಳನ್ನು ಬಿಸಿ ಮಾಡಬಹುದು. ಎಂಆರ್‌ಐ ಚಿತ್ರದಲ್ಲಿ ಅವು ಇರುವ ಜಾಗ ಕಪ್ಪಾಗಿ ಕಾಣುವಂತೆಯೂ ಮಾಡಬಹುದು.

ಇಂತಹ ಕಣಗಳನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿ, ಮೊಲ ಮುಂತಾದ ಪ್ರಾಣಿಗಳಲ್ಲಿ ಪರೀಕ್ಷಿಸುತ್ತಾರೆ. ಕಣಗಳನ್ನು ರಕ್ತನಾಳಕ್ಕೆ ಚುಚ್ಚಿ, ನಿರ್ದಿಷ್ಟ ಅವಧಿಯ ನಂತರ ಪ್ರಾಣಿಯನ್ನು ಕೊಂದು, ಯಕೃತ್ತು, ಗುಲ್ಮ, ಮೂತ್ರಪಿಂಡ, ಕ್ಯಾನ್ಸರ್ ಗೆಡ್ಡೆ ಮುಂತಾದ ಭಾಗಗಳನ್ನು ತೆಗೆದು ಅಳೆಯುತ್ತಾರೆ. ವರದಿಯ ಕೊನೆಯಲ್ಲಿ ಒಂದು ವಾಕ್ಯ ಬರುತ್ತದೆ: ‘ಚುಚ್ಚಿದ ಕಣಗಳಲ್ಲಿ ಶೇಕಡಾ ಇಷ್ಟು ಗೆಡ್ಡೆಯನ್ನು ತಲುಪಿದವು.’ ಈ ಲೇಖನ ವಿಮರ್ಶಿಸಲು ಹೊರಟಿರುವುದು ಈ ಒಂದು ವಾಕ್ಯವನ್ನು.

ಕಣಗಳನ್ನು ಎಣಿಸಿದವರು ಯಾರು? ಬಹುಪಾಲು ಸಂದರ್ಭಗಳಲ್ಲಿ ಯಾರೂ ಎಣಿಸಿರುವುದಿಲ್ಲ. ಒಬ್ಬರು ಅಂಗಾಂಶವನ್ನು ಆಮ್ಲದಲ್ಲಿ ಕರಗಿಸಿ ಕಬ್ಬಿಣವನ್ನು ಅಳೆದಿರುತ್ತಾರೆ. ಇನ್ನೊಬ್ಬರು ಸೂಕ್ಷ್ಮದರ್ಶಕದ ಕೆಳಗೆ ನೀಲಿ ಚುಕ್ಕೆಗಳನ್ನು ನೋಡಿರುತ್ತಾರೆ. ಮತ್ತೊಬ್ಬರು ಕಾಂತತ್ವವನ್ನು ಅಳೆದಿರುತ್ತಾರೆ. ಕಬ್ಬಿಣ, ಕಾಂತತ್ವ, ಕಣ - ಇವು ಮೂರು ಬೇರೆ ಬೇರೆ ಸಂಗತಿಗಳು. ಒಂದನ್ನು ಅಳೆದು ಇನ್ನೊಂದರ ಹೆಸರಿನಲ್ಲಿ ಪ್ರಕಟಿಸುವುದು ಈ ಕ್ಷೇತ್ರದ ದೊಡ್ಡ ದೋಷ ಎಂಬುದು ಈ ಲೇಖಕನ ಅಭಿಪ್ರಾಯ.

ಮೈಸೂರಿನಲ್ಲೇ ಇರುವ ಒಂದು ಪಾಠ

‘ಯಾವ ಕಬ್ಬಿಣ?’ ಎಂಬ ಪ್ರಶ್ನೆಯನ್ನು ಸರಿಯಾಗಿ ಕೇಳಿದವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ಸಿಎಫ್‌ಟಿಆರ್‌ಐನಲ್ಲಿ, ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಅವರ ತಂಡ ಧಾನ್ಯ ಮತ್ತು ಬೇಳೆಗಳಲ್ಲಿರುವ ಕಬ್ಬಿಣ ಹಾಗೂ ಸತುವಿನ ಬಗ್ಗೆ ಹಲವು ವರ್ಷ ಅಧ್ಯಯನ ಮಾಡಿತು. ಧಾನ್ಯದಲ್ಲಿರುವ ಒಟ್ಟು ಕಬ್ಬಿಣವನ್ನು ಅಳೆಯುವುದು ಒಂದು ಕೆಲಸ. ಆ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳಲು ಒದಗುವ ಭಾಗ ಎಷ್ಟು ಎಂದು ಅಳೆಯುವುದು ಬೇರೊಂದು ಕೆಲಸ. ಇದಕ್ಕಾಗಿ ಆಹಾರವನ್ನು ಜಠರ ಮತ್ತು ಕರುಳಿನ ಸ್ಥಿತಿಯನ್ನು ಹೋಲುವ ರಸಗಳಲ್ಲಿ ಪ್ರಯೋಗಶಾಲೆಯಲ್ಲೇ ಜೀರ್ಣಿಸಿ, ತೆಳು ಪೊರೆಯ ಮೂಲಕ ಹಾದುಬರುವ ಖನಿಜವನ್ನು ಅಳೆಯಬೇಕು. ಈರುಳ್ಳಿ ಮತ್ತು ಬೆಳ್ಳುಳ್ಳಿ ಸೇರಿಸಿದಾಗ ಧಾನ್ಯಗಳ ಕಬ್ಬಿಣದಲ್ಲಿ ಹೀಗೆ ಒದಗುವ ಭಾಗ ಹೆಚ್ಚುತ್ತದೆ ಎಂದು ಈ ತಂಡ 2010ರಲ್ಲಿ ಪ್ರಕಟಿಸಿತು. ಧಾನ್ಯ ಅದೇ, ಅದರಲ್ಲಿರುವ ಕಬ್ಬಿಣವೂ ಅದೇ. ಆದರೆ ಒದಗುವ ಕಬ್ಬಿಣ ಮಾತ್ರ ಬೇರೆ.

ಒಟ್ಟು ಕಬ್ಬಿಣದ ಅಂಕಿಯನ್ನು ಮುಂದಿಟ್ಟು ‘ಇಷ್ಟು ಕಬ್ಬಿಣ ದೇಹಕ್ಕೆ ಸಿಗುತ್ತದೆ’ ಎಂದು ಹೇಳುವುದನ್ನು ಆಹಾರ ವಿಜ್ಞಾನ ಒಪ್ಪುವುದಿಲ್ಲ. ಅಂಗಾಂಶದ ಒಟ್ಟು ಕಬ್ಬಿಣವನ್ನು ಮುಂದಿಟ್ಟು ‘ಇಷ್ಟು ಕಣಗಳು ತಲುಪಿದವು’ ಎಂದು ಹೇಳುವುದನ್ನು ನ್ಯಾನೋವೈದ್ಯದ ವರದಿಗಳು ಏಕೆ ಒಪ್ಪಬೇಕು?

ಶಾಲೆಯಲ್ಲೂ ಈ ವ್ಯತ್ಯಾಸವನ್ನು ತೋರಿಸಬಹುದು. ಕೆಲವು ಬಗೆಯ ಕಾರ್ನ್‌ಫ್ಲೇಕ್ಸ್‌ಗೆ ಲೋಹರೂಪದ ಕಬ್ಬಿಣದ ಪುಡಿಯನ್ನು ಬೆರೆಸಿರುತ್ತಾರೆ. ಅಂತಹ ಕಾರ್ನ್‌ಫ್ಲೇಕ್ಸ್‌ಅನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡಿ ಬಲವಾದ ಕಾಂತವನ್ನು ಆಡಿಸಿದರೆ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ರಾಗಿ ಹಿಟ್ಟಿನಲ್ಲೂ ಕಬ್ಬಿಣವಿದೆ. ಆದರೆ ಅದು ಕಾಂತಕ್ಕೆ ಹೀಗೆ ಅಂಟುವುದಿಲ್ಲ. ಕಬ್ಬಿಣದ ಪರಮಾಣು ಇದ್ದ ಮಾತ್ರಕ್ಕೆ ವಸ್ತು ಕಾಂತವಾಗುವುದಿಲ್ಲ. ಪರಮಾಣುಗಳ ಜೋಡಣೆ ಮುಖ್ಯ.

ರಕ್ತದಲ್ಲಿರುವ ಕಬ್ಬಿಣದ ಲೆಕ್ಕ

ಪ್ರಾಣಿಯ ದೇಹ ಖಾಲಿ ಪಾತ್ರೆಯಲ್ಲ. ಅದರಲ್ಲಿ ಮೊದಲೇ ಕಬ್ಬಿಣವಿದೆ. ಇದರ ಪರಿಣಾಮ ಎಷ್ಟೆಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ವಿದ್ಯಾರ್ಥಿಗಳು ಕಾಗದ ಹಿಡಿದು ತಾವೇ ಮಾಡಿ ನೋಡಬಹುದು.

25 ಗ್ರಾಂ ತೂಕದ ಬಿಳಿ ಇಲಿಗೆ, ದೇಹದ ಪ್ರತಿ ಕಿಲೋಗ್ರಾಂಗೆ 5 ಮಿಲಿಗ್ರಾಂ ಕಬ್ಬಿಣದಂತೆ ಕಣಗಳನ್ನು ಚುಚ್ಚಿದ್ದೇವೆ ಎಂದುಕೊಳ್ಳೋಣ. ಆಗ ಇಲಿಗೆ ಸೇರಿದ ಕಬ್ಬಿಣ 125 ಮೈಕ್ರೋಗ್ರಾಂ. ಇದರಲ್ಲಿ ಗೆಡ್ಡೆಗೆ ಎಷ್ಟು ಹೋಗಬಹುದು? ಟೊರಾಂಟೋ ವಿಶ್ವವಿದ್ಯಾಲಯದ ವಾರನ್ ಚಾನ್ ಅವರ ತಂಡ ಹಿಂದಿನ 10 ವರ್ಷಗಳ 117 ಪ್ರಬಂಧಗಳನ್ನು ಒಟ್ಟಾಗಿ ವಿಶ್ಲೇಷಿಸಿ 2016ರಲ್ಲಿ ಒಂದು ಉತ್ತರ ಕೊಟ್ಟಿತು. ಎಲ್ಲ ಬಗೆಯ ನ್ಯಾನೋಕಣಗಳನ್ನೂ ಸೇರಿಸಿ ನೋಡಿದಾಗ, ಗೆಡ್ಡೆಯನ್ನು ತಲುಪುವ ಪಾಲಿನ ಮಧ್ಯಾಂಕ ಕೇವಲ ಶೇಕಡಾ 0.7. ನಮ್ಮ ಇಲಿಯಲ್ಲಿ ಇದು ಸುಮಾರು 0.9 ಮೈಕ್ರೋಗ್ರಾಂ ಆಗುತ್ತದೆ.

ಈಗ ಗೆಡ್ಡೆಯ ಸ್ವಂತ ಕಬ್ಬಿಣವನ್ನು ನೋಡೋಣ. ಗೆಡ್ಡೆಯ ತೂಕ 0.1 ಗ್ರಾಂ ಇರಲಿ, ಅದರಲ್ಲಿ ಶೇಕಡಾ 5ರಷ್ಟು ರಕ್ತ ಉಳಿದಿರಲಿ. ಅಂದರೆ 5 ಮೈಕ್ರೋಲೀಟರ್ ರಕ್ತ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 0.14 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಗುಣಿಸಿದರೆ 5 ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2.4 ಮೈಕ್ರೋಗ್ರಾಂ ಕಬ್ಬಿಣ. ನಾವು ಹುಡುಕುತ್ತಿರುವ ಕಣಗಳ ಕಬ್ಬಿಣಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು! ಒಂದು ಇಲಿಯ ಗೆಡ್ಡೆಯಲ್ಲಿ ರಕ್ತ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಇದ್ದರೆ ಸಾಕು, ಆ ವ್ಯತ್ಯಾಸದಲ್ಲೇ ಕಣಗಳ ಸುಳಿವು ಮುಚ್ಚಿಹೋಗುತ್ತದೆ.

ಯಕೃತ್ತಿನ ಕಥೆ ಇನ್ನೊಂದು ಬಗೆಯದು. ಚುಚ್ಚಿದ ಕಣಗಳಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಸಂಕೇತ ದೊಡ್ಡದು. ಆದರೆ ದೇಹದ ಕಬ್ಬಿಣದ ಉಗ್ರಾಣವೂ ಅದೇ. ಇಲಿಯ ಯಕೃತ್ತಿನಲ್ಲಿ ಪ್ರತಿ ಗ್ರಾಂಗೆ 100 ಮೈಕ್ರೋಗ್ರಾಂ ಕಬ್ಬಿಣವಿದೆ ಎಂದಿಟ್ಟುಕೊಂಡರೆ, 1.3 ಗ್ರಾಂ ಯಕೃತ್ತಿನಲ್ಲಿ 130 ಮೈಕ್ರೋಗ್ರಾಂ ಆಯಿತು. ನಾವು ಚುಚ್ಚಿದ ಒಟ್ಟು ಪ್ರಮಾಣಕ್ಕೆ ಇದು ಸಮ. ಈ ಅಂಕಿ ಎಲ್ಲ ಇಲಿಗಳಲ್ಲೂ ಒಂದೇ ಅಲ್ಲ. ತಳಿ, ವಯಸ್ಸು, ಲಿಂಗ, ತಿನ್ನುವ ಆಹಾರ ಇವುಗಳಿಗೆ ತಕ್ಕಂತೆ ಬದಲಾಗುತ್ತದೆ. ಬಾಲ್ಬ್-ಸಿ ತಳಿಯ ಇಲಿಯ ಯಕೃತ್ತಿನಲ್ಲಿ ಸಿ57 ಬ್ಲ್ಯಾಕ್ 6 ತಳಿಗಿಂತ ಹೆಚ್ಚು ಕಬ್ಬಿಣವಿರುತ್ತದೆ. ಆದ್ದರಿಂದ ಕಣಗಳನ್ನು ಚುಚ್ಚದ ಹೋಲಿಕೆ ಗುಂಪು ಅದೇ ತಳಿಯ, ಅದೇ ವಯಸ್ಸಿನ, ಅದೇ ಆಹಾರ ತಿಂದ ಇಲಿಗಳದ್ದೇ ಆಗಿರಬೇಕು. ಬೇರೊಂದು ಪ್ರಬಂಧದಿಂದ ‘ಸಾಮಾನ್ಯ ಮೌಲ್ಯ’ವನ್ನು ಎರವಲು ತಂದು ಕಳೆಯುವುದು ತಪ್ಪು.

ಈ ದೋಷಗಳಿಗೆ ಪರಿಹಾರಗಳಿವೆ. ಅಂಗವನ್ನು ತೆಗೆಯುವ ಮೊದಲು ಹೃದಯದ ಮೂಲಕ ಲವಣದ್ರಾವಣ ಹರಿಸಿ ರಕ್ತವನ್ನು ತೊಳೆಯಬಹುದು. ಕಣಗಳನ್ನು ಕಬ್ಬಿಣ-57 ಐಸೋಟೋಪ್‌ನಿಂದ ತಯಾರಿಸಬಹುದು. ನಿಸರ್ಗದ ಕಬ್ಬಿಣದಲ್ಲಿ ಇದರ ಪಾಲು ಸುಮಾರು ಶೇಕಡಾ 2 ಮಾತ್ರವಾದ್ದರಿಂದ ಚುಚ್ಚಿದ ಕಬ್ಬಿಣವನ್ನು ದೇಹದ ಕಬ್ಬಿಣದಿಂದ ಬೇರ್ಪಡಿಸಿ ಗುರುತಿಸಬಹುದು. ಉಪಕರಣದ ಬಗ್ಗೆಯೂ ಎಚ್ಚರ ಬೇಕು. ಅತ್ಯಂತ ಸೂಕ್ಷ್ಮ ಎನಿಸಿದ ಐಸಿಪಿ-ಎಂಎಸ್ ಉಪಕರಣದಲ್ಲಿ ಆರ್ಗಾನ್ ಅನಿಲದ ಪ್ಲಾಸ್ಮಾ ಬಳಸುತ್ತಾರೆ. ಆರ್ಗಾನ್-40 ಮತ್ತು ಆಕ್ಸಿಜನ್-16 ಸೇರಿದರೆ ರಾಶಿ 56. ಕಬ್ಬಿಣದ ಮುಖ್ಯ ಐಸೋಟೋಪ್‌ನ ರಾಶಿಯೂ 56! ಇದನ್ನು ನಿವಾರಿಸುವ ವ್ಯವಸ್ಥೆ ಉಪಕರಣದಲ್ಲಿದ್ದು, ಅದನ್ನು ಬಳಸಲಾಗಿದೆಯೇ ಎಂಬುದನ್ನು ವರದಿ ತಿಳಿಸಬೇಕು.

ನೀಲಿ ಚುಕ್ಕೆಯ ಸಾಕ್ಷ್ಯ

ನಮ್ಮ ವೈದ್ಯಕೀಯ ಮತ್ತು ಫಾರ್ಮಸಿ ಕಾಲೇಜುಗಳಲ್ಲಿ ಸುಲಭವಾಗಿ ಸಿಗುವ ವಿಧಾನವೆಂದರೆ ಪರ್ಲ್ಸ್ ವರ್ಣಪರೀಕ್ಷೆ. ಜರ್ಮನಿಯ ಮ್ಯಾಕ್ಸ್ ಪರ್ಲ್ಸ್ 1867ರಲ್ಲಿ ರೂಪಿಸಿದ ಈ ಪರೀಕ್ಷೆಯಲ್ಲಿ ಅಂಗಾಂಶದ ತೆಳು ಪದರವನ್ನು ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸುತ್ತಾರೆ. ಫೆರಿಕ್ ರೂಪದ ಕಬ್ಬಿಣ ಇರುವೆಡೆ ಪ್ರಷ್ಯನ್ ಬ್ಲೂ ಉಂಟಾಗುತ್ತದೆ. ಮೂಳೆಮಜ್ಜೆಯಲ್ಲಿ ಕಬ್ಬಿಣದ ದಾಸ್ತಾನು ನೋಡಲು ರೋಗಶಾಸ್ತ್ರಜ್ಞರು ಇಂದಿಗೂ ಇದನ್ನು ಬಳಸುತ್ತಾರೆ. ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ಇದು ಬಣ್ಣ ಕೊಡುವುದಿಲ್ಲ ಎಂಬುದು ಇದರ ಒಂದು ಅನುಕೂಲ.

ಆದರೆ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಹೀಮೋಸಿಡೆರಿನ್ ಕೂಡ ನೀಲಿಯಾಗುತ್ತದೆ. ಇಲಿಯ ಗುಲ್ಮದಲ್ಲಿ ಇದು ಸಹಜವಾಗಿಯೇ ಹೇರಳ. ಆದ್ದರಿಂದ ಗುಲ್ಮದಲ್ಲಿ ನೀಲಿ ಚುಕ್ಕೆ ತೋರಿಸಿ ‘ಕಣಗಳು ಇಲ್ಲಿವೆ’ ಎನ್ನುವುದು, ಹೋಲಿಕೆಯ ಚಿತ್ರವನ್ನು ಪಕ್ಕದಲ್ಲಿಡದಿದ್ದರೆ, ಏನನ್ನೂ ಹೇಳಿದಂತಾಗುವುದಿಲ್ಲ.

ನೀಲಿ ಚುಕ್ಕೆ ಎಷ್ಟರ ಮಟ್ಟಿಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಪಾರಿವಾಳದ ಕೊಕ್ಕಿನ ಪ್ರಸಂಗವೇ ಸಾಕು. ಪಾರಿವಾಳವು ಭೂಮಿಯ ಕಾಂತಕ್ಷೇತ್ರವನ್ನು ಗ್ರಹಿಸಿ ಗೂಡಿಗೆ ಮರಳುತ್ತದೆ. ಅದರ ಮೇಲುಕೊಕ್ಕಿನ ಚರ್ಮದಲ್ಲಿ ಕಬ್ಬಿಣ ತುಂಬಿದ ನರಕೋಶಗಳಿವೆ, ಅವೇ ಅದರ ದಿಕ್ಸೂಚಿ ಎಂಬ ವಾದ 2000ರ ದಶಕದಲ್ಲಿ ಪ್ರಬಲವಾಗಿತ್ತು, ಪಠ್ಯಗಳಿಗೂ ಹರಡಿತ್ತು. ವಿಯೆನ್ನಾದ ಡೇವಿಡ್ ಕೀಸ್ ಅವರ ತಂಡ ಇದನ್ನು ಮರುಪರೀಕ್ಷಿಸಿ 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ನೀಲಿಯಾದ ಕೋಶಗಳ ಸಂಖ್ಯೆ ಒಂದು ಹಕ್ಕಿಯಲ್ಲಿ ಕೆಲವು ನೂರು, ಇನ್ನೊಂದರಲ್ಲಿ ಲಕ್ಷದ ಆಸುಪಾಸು! ಸಂವೇದನಾಂಗವಾಗಿದ್ದರೆ ಇಷ್ಟು ಏರುಪೇರು ಇರಲಾರದು. ಅವು ನರಕೋಶಗಳಾಗಿರಲಿಲ್ಲ, ಹಳೆಯ ರಕ್ತಕಣಗಳ ಕಬ್ಬಿಣವನ್ನು ನುಂಗಿ ಮರುಬಳಕೆಗೆ ಒದಗಿಸುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಾಗಿದ್ದವು. ಬಣ್ಣ ಹೇಳಿದ್ದು ‘ಇಲ್ಲಿ ಫೆರಿಕ್ ಕಬ್ಬಿಣವಿದೆ’ ಎಂದು ಮಾತ್ರ. ಅದು ಕಾಂತ ಎಂದು ಓದಿಕೊಂಡವರು ನಾವು.

ನ್ಯಾನೋಕಣಗಳನ್ನು ರಕ್ತದಿಂದ ಹೆಕ್ಕಿ ನುಂಗುವುದೂ ಇದೇ ಮ್ಯಾಕ್ರೋಫೇಜ್‌ಗಳು. ಹೀಗಾಗಿ ಎರಡು ಬಗೆಯ ಕಬ್ಬಿಣವೂ ಒಂದೇ ಕೋಶದೊಳಗೆ ಕುಳಿತಿರುವ ಸಾಧ್ಯತೆ ಹೆಚ್ಚು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣವನ್ನು ನೇರವಾಗಿ ನೋಡಬಹುದು, ನಿಜ. ಆದರೆ ಅಲ್ಲಿ ಬಳಸುವ ಪದರದ ದಪ್ಪ ಸುಮಾರು 70 ನ್ಯಾನೋಮೀಟರ್. ಒಂದು ಮಿಲಿಮೀಟರ್ ದಪ್ಪದ ಅಂಗಾಂಶವನ್ನು ಪೂರ್ತಿ ನೋಡಲು 14,000ಕ್ಕೂ ಹೆಚ್ಚು ಪದರಗಳು ಬೇಕು. ‘ಕಣ ಇದೆ’ ಎನ್ನಲು ಈ ಉಪಕರಣ ಶ್ರೇಷ್ಠ. ‘ಎಷ್ಟಿದೆ’ ಎನ್ನಲು ಅಲ್ಲ.

ಹಾಗಾದರೆ ಕಾಂತತ್ವವನ್ನೇ ಅಳೆಯೋಣವೇ?

ಅಳೆಯಬಹುದು. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಡಯಾಕಾಂತೀಯ, ಆಕ್ಸಿಜನ್ ಕಳೆದುಕೊಂಡದ್ದು ಪ್ಯಾರಾಕಾಂತೀಯ ಎಂದು ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಎರಡೂ ಮ್ಯಾಗ್ನೆಟೈಟ್‌ನ ಮುಂದೆ ಬಹಳ ದುರ್ಬಲ. ಕ್ಷೇತ್ರವನ್ನು ಹೆಚ್ಚಿಸಿದಂತೆ ಮ್ಯಾಗ್ನೆಟೈಟ್‌ನ ಕಾಂತತ್ವ ಬೇಗನೆ ಏರಿ ಸಂತೃಪ್ತವಾಗುತ್ತದೆ. ರಕ್ತ ಮತ್ತು ನೀರಿನ ಕಾಂತತ್ವ ಕ್ಷೇತ್ರಕ್ಕೆ ಅನುಪಾತದಲ್ಲಿ ನೇರಗೆರೆಯಾಗಿ ಸಾಗುತ್ತದೆ. ಈ ವ್ಯತ್ಯಾಸವೇ ಕಾಂತಮಾಪನದ ಬಲ.

ಆದರೆ ಇಲ್ಲೂ ಲೆಕ್ಕ ಹಾಕಿ ಮುಂದುವರಿಯಬೇಕು. ಮೇಲಿನ ಗೆಡ್ಡೆಯಲ್ಲಿರುವ 0.9 ಮೈಕ್ರೋಗ್ರಾಂ ಕಬ್ಬಿಣ ಸುಮಾರು 1.2 ಮೈಕ್ರೋಗ್ರಾಂ ಮ್ಯಾಗ್ನೆಟೈಟ್‌ಗೆ ಸಮ. ಗ್ರಾಂಗೆ 60 ಇಎಂಯು ಎಂದು ಹಿಡಿದರೆ ಅದರ ಸಂಕೇತ ಸುಮಾರು 0.00007 ಇಎಂಯು. ಅದೇ ಗೆಡ್ಡೆಯ 0.1 ಗ್ರಾಂ ಹಸಿ ಅಂಗಾಂಶ ಬಹುಪಾಲು ನೀರು. 1 ಟೆಸ್ಲಾ ಕ್ಷೇತ್ರದಲ್ಲಿ ಅಷ್ಟು ನೀರಿನ ಡಯಾಕಾಂತೀಯ ಸಂಕೇತ ಸುಮಾರು 0.0007 ಇಎಂಯು, ಅದೂ ವಿರುದ್ಧ ದಿಕ್ಕಿನಲ್ಲಿ. ಅಂದರೆ ನಾವು ಹುಡುಕುವ ಸಂಕೇತದ ಹತ್ತು ಪಟ್ಟು! ಉಪಕರಣ ಇದನ್ನು ಅಳೆಯಬಲ್ಲದು. ಆದರೆ ನೇರಗೆರೆಯ ಭಾಗವನ್ನು ಕಳೆಯದೆ, ಅಂಗಾಂಶವನ್ನು ಶೈತ್ಯದಲ್ಲಿ ಒಣಗಿಸದೆ ಕೊಟ್ಟ ಅಂಕಿ ಕಣಗಳದ್ದಲ್ಲ. ರಸಾಯನಶಾಸ್ತ್ರದ ಎಂ.ಎಸ್ಸಿ. ಪ್ರಯೋಗಶಾಲೆಯಲ್ಲಿ ಗೂಯಿ ತಕ್ಕಡಿ ಬಳಸುವ ವಿದ್ಯಾರ್ಥಿ ಲೋಹ ಸಂಯುಕ್ತದ ಲೆಕ್ಕದಲ್ಲಿ ಡಯಾಕಾಂತೀಯ ತಿದ್ದುಪಡಿಯನ್ನು ತಪ್ಪದೆ ಮಾಡುತ್ತಾನೆ. ಅಂಗಾಂಶದ ವಿಷಯಕ್ಕೆ ಬಂದಾಗ ಈ ಶಿಸ್ತು ಏಕೆ ಸಡಿಲವಾಗಬೇಕು?

ಇನ್ನೊಂದು ಅಪಾಯ ಕಲಬೆರಕೆ. ಶುದ್ಧ ಕಬ್ಬಿಣದ ಕಾಂತತ್ವ ಗ್ರಾಂಗೆ ಸುಮಾರು 218 ಇಎಂಯು. ಅಂದರೆ ಕೂದಲಿನ ದಪ್ಪದಷ್ಟೇ ಇರುವ, 1 ಮೈಕ್ರೋಗ್ರಾಂ ತೂಕದ ಒಂದು ಕಬ್ಬಿಣದ ಚೂರು 3 ಮೈಕ್ರೋಗ್ರಾಂಗೂ ಹೆಚ್ಚು ಮ್ಯಾಗ್ನೆಟೈಟ್ ಕಣಗಳಂತೆ ನಟಿಸಬಲ್ಲದು. ಉಕ್ಕಿನ ಕತ್ತಿ, ಕತ್ತರಿ, ಮೇಜಿನ ಧೂಳು ಎಲ್ಲವೂ ಸಂಶಯಾಸ್ಪದ. ಪ್ರಾಣಿಗಳ ಕಾಂತಗ್ರಾಹಿ ಕೋಶಗಳೆಂದು ಹಿಂದೆ ಗುರುತಿಸಲಾಗಿದ್ದ ಬಗೆಯ ಕೋಶಗಳನ್ನು 2015ರಲ್ಲಿ ಕೂಲಂಕಷವಾಗಿ ಪರೀಕ್ಷಿಸಿದಾಗ, ಕಾಂತೀಯ ವಸ್ತು ಇದ್ದದ್ದು ಕೋಶದ ಒಳಗಲ್ಲ, ಹೊರಗೆ ಅಂಟಿದ ಕಲಬೆರಕೆಯಲ್ಲಿ ಎಂದು ತಿಳಿಯಿತು. ಸೆರಾಮಿಕ್ ಅಥವಾ ಪ್ಲಾಸ್ಟಿಕ್ ಸಲಕರಣೆ ಬಳಸುವುದು ಮತ್ತು ಖಾಲಿ ಪಾತ್ರೆಯನ್ನೂ ಅಳೆಯುವುದು ಖರ್ಚಿನ ಕೆಲಸವೇನಲ್ಲ.

2005ರಲ್ಲಿ ಬರ್ನ್‌ಹಾರ್ಡ್ ಗ್ಲೈಷ್ ಮತ್ತು ಯೂರ್ಗನ್ ವೈಟ್ಸೆನೆಕರ್ ಪ್ರಕಟಿಸಿದ ಕಾಂತೀಯ ಕಣ ಚಿತ್ರಣ ವಿಧಾನದಲ್ಲಿ ಅಂಗಾಂಶ ಸಂಕೇತವನ್ನೇ ಕೊಡುವುದಿಲ್ಲ. ಕಣಗಳು ಮಾತ್ರ ಕೊಡುತ್ತವೆ. ಪ್ರಾಣಿಯನ್ನು ಕೊಲ್ಲದೆ ಮತ್ತೆ ಮತ್ತೆ ಅಳೆಯಬಹುದಾದ ಈ ವಿಧಾನ ಭರವಸೆಯದು. ಆದರೂ ನೀರಿನಲ್ಲಿ ಬಿಡಿಯಾಗಿ ತೇಲುವ ಕಣ ಮತ್ತು ಕೋಶದೊಳಗೆ ಗುಂಪಾಗಿ ಅಂಟಿಕೊಂಡ ಕಣ ಒಂದೇ ಸಂಕೇತ ಕೊಡುವುದಿಲ್ಲ. ನೀರಿನಲ್ಲಿ ಮಾಡಿದ ಮಾಪನಾಂಕವನ್ನು ಯಕೃತ್ತಿಗೆ ಹಾಗೆಯೇ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಎಂಆರ್‌ಐ ಅಳತೆಗೂ ಇದೇ ಮಾತು ಸಲ್ಲುತ್ತದೆ.

ಕಣ ಕರಗುತ್ತದೆ, ಕಬ್ಬಿಣ ಉಳಿಯುತ್ತದೆ

ಕೋಶದೊಳಗಿನ ಆಮ್ಲೀಯ ಕೋಣೆಗಳಲ್ಲಿ ಕಣಗಳು ದಿನಗಳೆದಂತೆ ಕರಗುತ್ತವೆ. ಬಿಡುಗಡೆಯಾದ ಕಬ್ಬಿಣ ಫೆರಿಟಿನ್ ಪ್ರೋಟೀನಿನೊಳಗೆ ಸೇರುತ್ತದೆ. ಒಂದು ಫೆರಿಟಿನ್ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿದಿಡಬಲ್ಲದು. ಆದರೆ ಅದರ ಕಾಂತತ್ವ ಅತಿ ಕ್ಷೀಣ. ಪ್ಯಾರಿಸ್‌ನ ಕ್ಲೇರ್ ವಿಲ್ಹೆಮ್ ಅವರ ತಂಡ 2016ರಲ್ಲಿ ಕಾಂಡಕೋಶಗಳ ಗುಂಡುಗಳಲ್ಲಿ ಇದನ್ನು ಅಳೆದು ತೋರಿಸಿತು: ವಾರಗಳು ಕಳೆದಂತೆ ಕಾಂತತ್ವ ಕುಸಿಯುತ್ತದೆ, ಕಬ್ಬಿಣ ಮಾತ್ರ ಅಲ್ಲೇ ಇರುತ್ತದೆ. ಹೀಗೆ ಕರಗಿದ ಕಬ್ಬಿಣದಿಂದ ಮಾನವ ಕಾಂಡಕೋಶಗಳು ಹೊಸದಾಗಿ ಕಾಂತೀಯ ಕಣಗಳನ್ನು ಕಟ್ಟಬಲ್ಲವು ಎಂದೂ ಅದೇ ತಂಡ 2019ರಲ್ಲಿ ವರದಿ ಮಾಡಿತು.

ಇದರ ಅರ್ಥವೇನು? ಚುಚ್ಚಿ ಒಂದು ತಿಂಗಳಾದ ಮೇಲೆ ಕಬ್ಬಿಣವನ್ನು ಮಾತ್ರ ಅಳೆದವರು ‘ಕಣಗಳು ಇನ್ನೂ ಇವೆ’ ಎನ್ನುತ್ತಾರೆ. ಕಾಂತತ್ವವನ್ನು ಮಾತ್ರ ಅಳೆದವರು ‘ಕಣಗಳು ದೇಹದಿಂದ ಹೊರಹೋದವು’ ಎನ್ನುತ್ತಾರೆ. ಇಬ್ಬರ ಮಾತೂ ತಪ್ಪು. ಎರಡನ್ನೂ ಅಳೆದಾಗ ಮಾತ್ರ ‘ಕಣಗಳು ಕರಗಿವೆ, ಕಬ್ಬಿಣ ಉಳಿದಿದೆ’ ಎಂಬ ನಿಜಸಂಗತಿ ಹೊರಬರುತ್ತದೆ. ಕರಗುವುದು ಯಾವಾಗಲೂ ದೋಷವಲ್ಲ ಎಂಬುದನ್ನೂ ನೆನಪಿಡಬೇಕು. ಅಮೆರಿಕದಲ್ಲಿ 2009ರಲ್ಲಿ ಅನುಮತಿ ಪಡೆದ ಫೆರುಮಾಕ್ಸಿಟಾಲ್ ಇಂತಹದೇ ಕಬ್ಬಿಣದ ಆಕ್ಸೈಡ್ ಕಣ. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ ಅದು ಔಷಧವಾಗುವುದೇ ಕರಗಿ ಕಬ್ಬಿಣ ಕೊಡುವುದರಿಂದ. ರೋಗಿಗೆ ಮತ್ತೊಮ್ಮೆ ಯಾವಾಗ ಮದ್ದು ಕೊಡಬೇಕು, ಎಷ್ಟು ಕೊಟ್ಟರೆ ಕಬ್ಬಿಣ ಅತಿಯಾಗುತ್ತದೆ ಎಂಬ ನಿರ್ಧಾರಗಳು ಈ ವಿವೇಚನೆಯನ್ನೇ ಅವಲಂಬಿಸಿವೆ.

ಬೆಂಗಳೂರಿನ ಸಾಧನೆ, ಓದುಗನ ಪ್ರಶ್ನೆ

ನಮ್ಮ ರಾಜ್ಯದಲ್ಲೇ ಈ ಕ್ಷೇತ್ರದ ಗಮನಾರ್ಹ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ತಿರುಪಿನ ಆಕಾರದ ಕಾಂತೀಯ ನ್ಯಾನೋರೋಬಾಟ್‌ಗಳನ್ನು ರೂಪಿಸಿ, ತಿರುಗುವ ಕಾಂತಕ್ಷೇತ್ರದಿಂದ ಅವು ಮಾನವ ರಕ್ತದಲ್ಲಿ ಚಲಿಸುವುದನ್ನು 2014ರಲ್ಲಿ ತೋರಿಸಿತು. 2022ರಲ್ಲಿ, ಸಿಲಿಕಾದಿಂದ ಮಾಡಿ ಕಬ್ಬಿಣ ಲೇಪಿಸಿದ ಇಂತಹ ರೋಬಾಟ್‌ಗಳನ್ನು ಕಿತ್ತ ಹಲ್ಲುಗಳ ಸೂಕ್ಷ್ಮ ನಾಳಗಳಲ್ಲಿ 2,000 ಮೈಕ್ರೋಮೀಟರ್ ಆಳದವರೆಗೆ ನಡೆಸಿ, ಬಿಸಿ ಮಾಡಿ ಬ್ಯಾಕ್ಟೀರಿಯಾಗಳನ್ನು ಕೊಂದುದಾಗಿ ಪ್ರಕಟಿಸಿತು. ಇಲಿಗಳಲ್ಲೂ ಪರೀಕ್ಷೆ ನಡೆದು ಸುರಕ್ಷಿತವೆಂದು ಕಂಡಿತು ಎಂದು ಸಂಸ್ಥೆ ತಿಳಿಸಿತು.

ಈ ಸಾಧನೆಯನ್ನು ಕಿರಿದು ಮಾಡುವುದು ಇಲ್ಲಿನ ಉದ್ದೇಶವಲ್ಲ. ಕಿತ್ತ ಹಲ್ಲಿನಲ್ಲಿ ‘ಎಷ್ಟು ಆಳಕ್ಕೆ ಹೋಯಿತು’ ಎಂಬುದನ್ನು ಚಿತ್ರದಲ್ಲಿ ನೇರವಾಗಿ ನೋಡಬಹುದು. ಆ ಅಳತೆ ಸ್ಪಷ್ಟ. ಜೀವಂತ ಪ್ರಾಣಿಯಲ್ಲಿ ‘ಎಷ್ಟು ಉಳಿಯಿತು, ಯಾವ ರೂಪದಲ್ಲಿ’ ಎಂಬುದು ಬೇರೆಯೇ ಪ್ರಶ್ನೆ. ಸುದ್ದಿಯಲ್ಲಿ ಈ ಎರಡೂ ‘ಯಶಸ್ವಿ’ ಎಂಬ ಒಂದೇ ಪದದಲ್ಲಿ ಸೇರಿಹೋಗುತ್ತವೆ. ವಿಜ್ಞಾನದ ಅಧ್ಯಾಪಕರು ಇಂತಹ ಸುದ್ದಿಯನ್ನು ತರಗತಿಗೆ ತಂದಾಗ ಎರಡು ಅಳತೆಗಳನ್ನೂ ಬಿಡಿಸಿ ತೋರಿಸಬೇಕು. ನ್ಯಾನೋಔಷಧಗಳ ಮೌಲ್ಯಮಾಪನಕ್ಕೆ ಭಾರತ ಸರ್ಕಾರ 2019ರಲ್ಲಿ ಮಾರ್ಗಸೂಚಿಯನ್ನು ಹೊರತಂದಿದೆ. ಅಂತಹ ಮಾರ್ಗಸೂಚಿ ಫಲ ಕೊಡಬೇಕಾದರೆ ಅಳತೆಯ ಅರ್ಥ ತಿಳಿದವರು ಪ್ರಯೋಗಶಾಲೆಯಲ್ಲಿ ಇರಬೇಕು.

ಜೀವದ ಬೆಲೆ

ಪ್ರಾಣಿಪ್ರಯೋಗಗಳಲ್ಲಿ ಬದಲಿ ವಿಧಾನ, ಕಡಿಮೆ ಸಂಖ್ಯೆ, ಕಡಿಮೆ ನೋವು ಎಂಬ ಮೂರು ತತ್ತ್ವಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟರು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳಡಿ ಪ್ರತಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಪ್ರಯೋಗಕ್ಕೆ ಒಪ್ಪಿಗೆ ಕೊಡಬೇಕು. ಅಲ್ಲಿ ಚರ್ಚೆ ಸಾಮಾನ್ಯವಾಗಿ ಇಲಿಗಳ ಸಂಖ್ಯೆಯ ಸುತ್ತ ನಡೆಯುತ್ತದೆ. ಉಪಕರಣದ ಪತ್ತೆ ಮಿತಿ 3 ಮೈಕ್ರೋಗ್ರಾಂ, ನಿರೀಕ್ಷಿತ ಪ್ರಮಾಣ 0.9 ಮೈಕ್ರೋಗ್ರಾಂ ಆಗಿದ್ದರೆ 12 ಇಲಿಗಳಾದರೂ ಅಷ್ಟೇ, 120 ಆದರೂ ಅಷ್ಟೇ. ಅಷ್ಟೂ ಜೀವಗಳು ವ್ಯರ್ಥ.

ಇದನ್ನು ಮೊದಲೇ ತಿಳಿಯಲು ಇಲಿ ಬೇಕಾಗಿಲ್ಲ. ಮಾಂಸದ ಅಂಗಡಿಯಿಂದ ತಂದ ಕೋಳಿಯ ಯಕೃತ್ತಿನ ತುಣುಕುಗಳಿಗೆ ಗೊತ್ತಾದ ಪ್ರಮಾಣದ ಕಣಗಳನ್ನು ಬೆರೆಸಿ, ಬೆರೆಸಿದ್ದರಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂದು ನೋಡಿದರೆ ವಿಧಾನದ ಬಲಾಬಲ ತಿಳಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಇದೇ ಒಂದು ಉತ್ತಮ ಪ್ರಾಜೆಕ್ಟ್ ಆಗಬಲ್ಲದು. ನೈತಿಕ ಸಮಿತಿಗಳು ಈ ಪೂರ್ವಪರೀಕ್ಷೆಯ ಫಲಿತಾಂಶವನ್ನು ಕೇಳುವ ರೂಢಿ ಬಂದರೆ ಒಳ್ಳೆಯದು.

ಕಾಂತೀಯ ಕಣಗಳ ಬಗೆಗಿನ ಯಾವುದೇ ಪ್ರಬಂಧವನ್ನು ಓದುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು:

1. ನಿಜವಾಗಿ ಅಳೆದದ್ದು ಏನು - ಕಬ್ಬಿಣವೇ, ಕಾಂತತ್ವವೇ, ಕಣವೇ?
2. ಕಣ ಚುಚ್ಚದ ಪ್ರಾಣಿಗಳ ಅಂಕಿಯನ್ನು ಪಕ್ಕದಲ್ಲಿ ಕೊಟ್ಟಿದ್ದಾರೆಯೇ? ಅವು ಅದೇ ತಳಿ, ವಯಸ್ಸು, ಆಹಾರದವೇ?
3. ರಕ್ತವನ್ನು ತೊಳೆಯಲಾಗಿದೆಯೇ?
4. ವಿಧಾನದ ಪತ್ತೆ ಮಿತಿ ಎಷ್ಟು? ಮಾಪನಾಂಕವನ್ನು ಅಂಗಾಂಶದಲ್ಲಿ ಮಾಡಿದರೇ, ನೀರಿನಲ್ಲೇ?
5. ಗೆಡ್ಡೆಯ ಲೆಕ್ಕ ಮಾತ್ರ ಇದೆಯೇ, ಎಲ್ಲ ಅಂಗಗಳ ಲೆಕ್ಕ ಕೂಡಿಸಿದರೆ ಚುಚ್ಚಿದ ಪ್ರಮಾಣಕ್ಕೆ ಹತ್ತಿರ ಬರುತ್ತದೆಯೇ?
6. ಬೇರೆ ತತ್ತ್ವದ ಇನ್ನೊಂದು ವಿಧಾನದಿಂದ ತಾಳೆ ನೋಡಿದ್ದಾರೆಯೇ?

ಆರಕ್ಕೂ ಉತ್ತರ ಕೊಡುವ ಪ್ರಬಂಧಗಳು ಇವೆ. ಅಂಥವುಗಳಲ್ಲಿ ಗೆಡ್ಡೆ ತಲುಪಿದ ಶೇಕಡಾವಾರು ಚಿಕ್ಕದಾಗಿ ಕಂಡರೂ ಅವೇ ನಂಬಲರ್ಹ, ಮುಂದಿನ ಚಿಕಿತ್ಸೆಗೆ ಅಡಿಪಾಯವಾಗುವಂತಹವು. ಉಳಿದವನ್ನು ಎಷ್ಟೇ ದೊಡ್ಡ ಅಂಕಿ ಇದ್ದರೂ ಬದಿಗಿಡಬೇಕು. ‘ಶೇಕಡಾ ಇಷ್ಟು ಕಣಗಳು ತಲುಪಿದವು’ ಎಂಬ ವಾಕ್ಯದ ಬದಲು, ‘ಹೋಲಿಕೆ ಗುಂಪಿಗಿಂತ ಇಷ್ಟು ಮೈಕ್ರೋಗ್ರಾಂ ಹೆಚ್ಚು ಕಬ್ಬಿಣ ಕಂಡಿತು, ಅದರಲ್ಲಿ ಇಷ್ಟು ಭಾಗ ಇನ್ನೂ ಕಾಂತೀಯವಾಗಿದೆ’ ಎಂದು ಬರೆಯಲು ನಮ್ಮ ವಿದ್ಯಾರ್ಥಿಗಳಿಗೆ ಕಲಿಸೋಣ. ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆದರೆ ಅದು ನಿಜವಾಗಿ ಅಳೆದದ್ದನ್ನು ಮಾತ್ರ ಹೇಳುತ್ತದೆ.